ಹಳ್ಳದ ಆಚೆ ದಂಡೆಯ ಹದಿನೇಳು ಶೆಡ್ಡುಗಳು

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ. ಆಗ ನಾನು ಕುಷ್ಟಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಹುದ್ದೆಯ ಹೆಸರಿನಲ್ಲಿ ‘ಕಿರಿಯ’ ಎಂದಿದ್ದರೂ ಸೇವೆಗೆ ಸೇರಿ ಇಪ್ಪತ್ತಾರು ವರ್ಷ ಕಳೆದಿತ್ತು. ಉಪಕೇಂದ್ರವೆಂದರೆ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಕಟ್ಟಕಡೆಯ ಮೆಟ್ಟಿಲು. ಎರಡು ಕೋಣೆ, ಒಂದು ತೂಕದ ಯಂತ್ರ, ಒಂದು ಬಿ.ಪಿ. ಯಂತ್ರ, ಗೋಡೆಯ ಮೇಲೆ ನಾನೇ ಬಣ್ಣದ ಪೆನ್ನಿನಿಂದ ಬರೆದ ನಕ್ಷೆ. ಮೂರು ಊರು, ಸುಮಾರು ನಾಲ್ಕೂವರೆ ಸಾವಿರ ಜನ ನನ್ನ ಪಾಲಿಗಿದ್ದರು. ಆ ಊರುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದರಲ್ಲಿ ಬರುವವರಲ್ಲಿ ಹೆಚ್ಚಿನವರು ಇನ್ನೂ ಅಲ್ಲೇ ಬಾಳುತ್ತಿದ್ದಾರೆ.

ಪ್ರತಿ ಗುರುವಾರ ನಮ್ಮಲ್ಲಿ ಲಸಿಕೆಯ ದಿನ. ಅದಕ್ಕೊಂದು ಮೈಕ್ರೋಪ್ಲ್ಯಾನ್ ಇರುತ್ತದೆ. ಯಾವ ವಾರ ಯಾವ ಓಣಿ, ಯಾವ ಮನೆಯ ಕೂಸಿಗೆ ಯಾವ ಚುಚ್ಚುಮದ್ದು ಎಂಬುದನ್ನು ವರ್ಷದ ಆರಂಭದಲ್ಲೇ ಬರೆದಿಟ್ಟ ಯೋಜನೆ ಅದು. ಆ ಪಟ್ಟಿಯಲ್ಲಿರುವ ಮಕ್ಕಳಿಗೆಲ್ಲ ಲಸಿಕೆ ಮುಗಿದರೆ ನೂರಕ್ಕೆ ನೂರು ಸಾಧನೆ. ಆ ವರ್ಷ ನನ್ನದು ನೂರಕ್ಕೆ ನೂರು. ತಾಲ್ಲೂಕಿನ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು.

ದೀಪಾವಳಿ ಮುಗಿದ ನಂತರದ ಒಂದು ಗುರುವಾರ. ಅಂಗನವಾಡಿಯಲ್ಲಿ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಹನ್ನೆರಡು ಮಂದಿ ಕುಳಿತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಶರಣಮ್ಮ ನನ್ನ ಬಳಿ ಬಂದು, “ಅಕ್ಕಾರ, ಗೇಟಿನ ಹೊರಗ ಒಬ್ಬಾಕಿ ಭಾಳ ಹೊತ್ತಿನಿಂದ ನಿಂತಾಳ. ಒಳಗ ಬಾ ಅಂದ್ರ ಬರವಲ್ಲಳು,” ಎಂದಳು.

ನಾನು ಹೊರಗೆ ಹೋದೆ. ಮೂವತ್ತರ ಒಳಗಿನ ಹೆಂಗಸು. ಸೆರಗಿನಲ್ಲೆಲ್ಲ ಕಲ್ಲಿನ ಬಿಳಿ ಪುಡಿ. ಆರೇಳು ವರ್ಷದ ಹುಡುಗಿಯನ್ನು ಬೆನ್ನ ಮೇಲೆ ಹೊತ್ತಿದ್ದಳು. ಅಷ್ಟು ದೊಡ್ಡ ಹುಡುಗಿಯನ್ನು ಯಾರೂ ಸುಮ್ಮನೆ ಹೊರುವುದಿಲ್ಲ.

“ಒಳಗ ಯಾಕ ಬರಲಿಲ್ಲವ್ವ?” ಎಂದೆ.

“ನಮ್ಮ ಹೆಸರು ನಿಮ್ಮ ಪುಸ್ತಕದಾಗ ಇಲ್ರಿ ಅಕ್ಕಾರ,” ಎಂದಳು. ದೂರಿನ ದನಿಯಿರಲಿಲ್ಲ. ವಿಷಯ ತಿಳಿಸಿದ ಹಾಗೆ ಹೇಳಿದಳು.

ಅವಳ ಹೆಸರು ಹುಲಿಗೆಮ್ಮ, ಮಗಳು ಸಾವಿತ್ರಿ. ಹುಡುಗಿಯ ಕುತ್ತಿಗೆ ಎರಡೂ ಕಡೆ ಊದಿ ಗದ್ದಕ್ಕೆ ಸಮನಾಗಿತ್ತು. ಮಂಗನಬಾವು ಇರಬೇಕು ಎಂದುಕೊಂಡೆ. ಜ್ವರ ನೋಡಿದೆ, ಅಂಥ ಹೆಚ್ಚೇನೂ ಇರಲಿಲ್ಲ. ಮೂರು ದಿನದಿಂದ ನೀರು ನುಂಗಲೂ ಆಗುತ್ತಿಲ್ಲ ಎಂದು ತಾಯಿ ಹೇಳಿದಳು. ಬೆಳಕಿಗೆ ಮುಖ ತಿರುಗಿಸಿ ಬಾಯಿ ತೆರೆಸಿ ಟಾರ್ಚ್ ಹಿಡಿದೆ. ಗಂಟಲಿನ ಎರಡೂ ಬದಿಗೆ, ಕಿರುನಾಲಿಗೆಯವರೆಗೂ, ಬೂದು ಬಣ್ಣದ ದಪ್ಪ ಪೊರೆ ಅಂಟಿಕೊಂಡಿತ್ತು. ಉಸಿರಿನಲ್ಲಿ ಕೊಳೆತ ವಾಸನೆ.

ಅದನ್ನು ನಾನು ಅದುವರೆಗೆ ಕಣ್ಣಾರೆ ಕಂಡಿರಲಿಲ್ಲ. ತರಬೇತಿಯ ದಿನಗಳಲ್ಲಿ ಪುಸ್ತಕದ ಚಿತ್ರದಲ್ಲಿ ನೋಡಿದ್ದೆ ಅಷ್ಟೆ. ಡಿಪ್ತೀರಿಯಾ. ನಮ್ಮ ಅಜ್ಜಿಯರ ಕಾಲದವರು ಗಂಟಲುಮಾರಿ ಎನ್ನುತ್ತಿದ್ದರು. ಗಂಟಲಲ್ಲಿ ಬೆಳೆಯುವ ಪೊರೆ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಅದರಿಂದ ಪಾರಾದರೂ ರೋಗಾಣು ಬಿಡುವ ವಿಷ ರಕ್ತದಲ್ಲಿ ಸೇರಿ ಹೃದಯವನ್ನು ಹಿಡಿಯುತ್ತದೆ. ಕೆಮ್ಮಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಇನ್ನೊಬ್ಬರಿಗೆ ಹರಡುತ್ತದೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಕೊಡುವ ಚುಚ್ಚುಮದ್ದಿನಲ್ಲೇ ಇದಕ್ಕೆ ತಡೆ ಇದೆ. ನನ್ನ ಕೈಚೀಲದಲ್ಲಿ, ಐಸ್ ಪ್ಯಾಕ್‌ಗಳ ನಡುವೆ, ಆಗಲೂ ಅದು ಇತ್ತು.

ಶರಣಮ್ಮನಿಗೆ ಕೂಸುಗಳನ್ನೆಲ್ಲ ಹಿಂದಿನ ಬಾಗಿಲಿನಿಂದ ಮನೆಗೆ ಕಳಿಸಲು ಹೇಳಿ, ತಾಯಿ ಮಗಳಿಗೆ ಮಾಸ್ಕ್ ಕೊಟ್ಟು ಬೇವಿನ ಮರದ ಕೆಳಗೆ ಕೂರಿಸಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ ಡಾ. ಪ್ರಸನ್ನ ಅವರಿಗೆ ಫೋನ್ ಮಾಡಿದೆ. ಮೈಸೂರಿನ ಕಡೆಯವರು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ನಾನು ವಿವರಿಸಿದ್ದನ್ನು ಕೇಳಿ, “ಪೊರೆಯನ್ನ ಮುಟ್ಟಬೇಡಿ, ಕೆರೆಯೋಕೆ ಹೋಗಬೇಡಿ. ಆಂಬುಲೆನ್ಸ್ ಜೊತೆ ನಾನೇ ಬರ್ತಿದೀನಿ,” ಎಂದರು.

ಕಾಯುವಾಗ ಹುಲಿಗೆಮ್ಮನನ್ನು ಕೇಳಿದೆ: ಎಲ್ಲಿಯವರು, ಲಸಿಕೆ ಯಾಕೆ ಹಾಕಿಸಿಲ್ಲ.

ನಮ್ಮೂರಿನಿಂದ ಮೂರು ಕಿಲೋಮೀಟರ್ ಆಚೆ ಒಂದು ಹಳ್ಳ ಹರಿಯುತ್ತದೆ. ಅದರ ಆಚೆ ದಂಡೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು. ಅಲ್ಲೊಂದು ಕಲ್ಲಿನ ಕ್ವಾರಿ, ಪಕ್ಕದಲ್ಲಿ ಕೂಲಿಯವರ ಶೆಡ್ಡುಗಳು. ನೆಲ ಆಚೆಯವರದು, ಆದರೆ ಇರುವ ಒಂದೇ ದಾರಿ ಹಳ್ಳ ದಾಟಿ ನಮ್ಮೂರಿಗೆ ಬರುತ್ತದೆ. ಆಚೆಯ ಊರಿಗೆ ಹೋಗಬೇಕಾದರೆ ಗುಡ್ಡ ಸುತ್ತಿ ಏಳು ಕಿಲೋಮೀಟರ್ ನಡೆಯಬೇಕು.

“ಈಕಿ ಸಣ್ಣಾಕಿದ್ದಾಗ ಆ ಕಡಿ ಊರಿಗೆ ಹೋಗಿದ್ದೆರಿ. ನಿಮ್ಮ ದಾರಿ ಹಳ್ಳದ ಆ ಕಡಿ ಐತಿ, ಅಲ್ಲೇ ಹಾಕಿಸ್ರಿ ಅಂದ್ರು. ಎರಡು ವರ್ಷದ ಹಿಂದ ಇಲ್ಲಿಗೆ ಬಂದೆ. ನೀವು ಯಲಬುರ್ಗಾ ಕಡಿಯವರು, ಅಲ್ಲಿ ಹೋಗ್ರಿ ಅಂದ್ರಿ.”

“ಇಲ್ಲಿ ಯಾರು ಹಂಗಂದವರು?”

ಅವಳು ನನ್ನ ಮುಖ ನೋಡಿದಳು. “ನೀವ ಅಂದಿದ್ರಿ.”

ಎಷ್ಟು ಯೋಚಿಸಿದರೂ ಆ ದಿನ ನನ್ನ ನೆನಪಿಗೆ ಬರಲಿಲ್ಲ. ಇಂದಿಗೂ ಬಂದಿಲ್ಲ. ಬಿಸಿಲು, ಗದ್ದಲ, ಎಣಿಸಿ ತಂದ ಬಾಟಲಿಗಳು, ಪಟ್ಟಿಯಲ್ಲಿಲ್ಲದ ಒಂದು ಹೆಸರು. ಅರ್ಧ ನಿಮಿಷದಲ್ಲಿ ಮುಗಿದು ಹೋದ ಮಾತಾಗಿರಬೇಕು. ಆದರೆ ಅವಳು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಖಚಿತವಾಗಿ ಗೊತ್ತಿತ್ತು. ಅಂಥ ಮಾತನ್ನು ನಾನು ಆಡಬಲ್ಲವಳಾಗಿದ್ದೆ.

ಸಾವಿತ್ರಿಯ ಉಸಿರಿನಲ್ಲಿ ಆಗಲೇ ಶಬ್ದ ಶುರುವಾಗಿತ್ತು. ಒಳಗೆಳೆದಾಗಲೆಲ್ಲ ಕಿರಿದಾದ ಕೊಳವೆಯಲ್ಲಿ ಗಾಳಿ ನುಗ್ಗಿದ ಹಾಗೆ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ನಾನು ಆ ಶಬ್ದವನ್ನೇ ಕೇಳುತ್ತ ಕುಳಿತಿದ್ದೆ. ಅದು ನಿಂತುಬಿಟ್ಟರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

“ಜೀವಕ್ಕ ಅಂಜಿಕಿ ಐತೇನ್ರಿ?” ಎಂದು ಹುಲಿಗೆಮ್ಮ ಕೇಳಿದಳು.

ಐತವ್ವ ಎಂದೆ. ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ.

ಡಾಕ್ಟರ್ ಬಂದು ಗಂಟಲು ನೋಡಿದರು. ತಾಯಿ ಮಗಳನ್ನು ಹತ್ತಿಸಿ, ಆಮ್ಲಜನಕ ಹಚ್ಚಿ, ನನ್ನ ಕಡೆ ತಿರುಗಿದರು. “ಮಗು ಜೊತೆ ನಾನು ಹೋಗ್ತೀನಿ. ನೀವು ಆ ಶೆಡ್‌ಗಳಿಗೆ ಹೋಗಿ. ಅಲ್ಲಿ ಇನ್ನೆಷ್ಟು ಮಕ್ಕಳಿದ್ದಾರೋ ನಮಗೆ ಗೊತ್ತೇ ಇಲ್ಲ.”

ಶರಣಮ್ಮನ ಗಂಡನ ಬೈಕಿನಲ್ಲಿ ನಾವಿಬ್ಬರೂ ಹೊರಟೆವು. ಹಳ್ಳದಲ್ಲಿ ಮೊಣಕಾಲಿನ ಕೆಳಗೆ ನೀರು. ನಡೆದು ದಾಟಿದೆವು. ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು, ಅದರಲ್ಲಿ ಒಂಬತ್ತು ವರ್ಷ ಇದೇ ಉಪಕೇಂದ್ರದಲ್ಲಿ. ಆ ಹಳ್ಳ ದಾಟಿದ್ದು ಅದೇ ಮೊದಲು.

ತಗಡು ಮತ್ತು ತಾಡಪತ್ರಿಯ ಹದಿನೇಳು ಶೆಡ್ಡು. ಕ್ವಾರಿಯ ಕೆಲಸ ನಿಂತಿತ್ತು. ಒಂದು ಟ್ರ್ಯಾಕ್ಟರ್‌ಗೆ ಪಾತ್ರೆ, ಹಾಸಿಗೆ, ಒಲೆ ಏರಿಸುತ್ತಿದ್ದರು. ಸಾವಿತ್ರಿಯ ಗಂಟಲು ಕಟ್ಟಿದ್ದನ್ನು ಕಂಡು ಜನ ಆಗಲೇ ಅಂಜಿದ್ದರು. ಎರಡು ಕುಟುಂಬ ಬೆಳಗ್ಗೆಯೇ ಹುಲಿಹೈದರದ ಕಡೆಯ ನೆಂಟರ ಮನೆಗೆ ಹೊರಟು ಹೋಗಿದ್ದವು. ಉಳಿದವರೂ ಹೊರಟರೆ ರೋಗ ನಾಲ್ಕು ದಿಕ್ಕಿಗೆ ಹೋಗುತ್ತದೆ, ಯಾವ ಮಗುವಿಗೆ ಯಾವ ಊರಲ್ಲಿ ಉಸಿರು ಕಟ್ಟುತ್ತದೋ ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ಎದೆ ಹಿಡಿದ ಭಯ.

ಟ್ರ್ಯಾಕ್ಟರ್ ಬಳಿ ನಿಂತಿದ್ದವನ ಹೆಸರು ಮಾನಪ್ಪ. ಅವನ ಹೆಂಡತಿ ಲಕ್ಷ್ಮವ್ವನ ಹೆಗಲ ಮೇಲೆ ವರ್ಷದ ಕೂಸು ಮಲಗಿತ್ತು. ಯಾಕೆ ಹೊರಟಿರಿ ಎಂದು ಕೇಳಿದೆ.

“ಇದೊಂದು ಉಳದೈತ್ರಿ,” ಎಂದು ಕೂಸಿನ ಕಡೆ ಕೈ ತೋರಿಸಿದ. “ಹನುಮಂತ ಹೋದ. ಹತ್ತು ದಿನ ಆತು.”

ಹನುಮಂತನಿಗೆ ನಾಲ್ಕು ವರ್ಷ. ಗಂಟಲು ಕಟ್ಟಿತು, ಎರಡು ದಿನ ಗೊರಗೊರ ಎಂದ, ಮೂರನೆಯ ದಿನ ಮುಂಜಾನೆ ಹೋದ. ಗುಡ್ಡದ ಬುಡದಲ್ಲಿ ಮಣ್ಣು ಮಾಡಿದ್ದರು. ಹುಟ್ಟಿದ್ದು ಶೆಡ್ಡಿನಲ್ಲಿ, ಹುಟ್ಟು ಎಲ್ಲೂ ದಾಖಲಾಗಿರಲಿಲ್ಲ. ಹಾಗಾಗಿ ಸತ್ತದ್ದೂ ಯಾರಿಗೂ ಗೊತ್ತಾಗಿರಲಿಲ್ಲ. ನನ್ನ ನೂರಕ್ಕೆ ನೂರು ಆ ಹತ್ತು ದಿನವೂ ನೂರಕ್ಕೆ ನೂರಾಗಿಯೇ ಇತ್ತು.

“ದವಾಖಾನಿಗೆ ಯಾಕ ತರಲಿಲ್ಲಪ?” ಎಂದು ಶರಣಮ್ಮ ಕೇಳಿದಳು.

“ಯಾವ ದವಾಖಾನಿಗೆ ತರಬೇಕಿತ್ತಕ್ಕ? ನಮ್ಮದು ಯಾವುದು ಅಂತ ಹೇಳ್ರಿ.” ಮಾನಪ್ಪ ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದ ಹಾಗಿತ್ತು.

ಜನ ಸುತ್ತ ಸೇರಿದರು. ನಾನು ರೋಗದ ಬಗ್ಗೆ ಹೇಳಿದೆ. ನೀವು ಹೋದರೆ ರೋಗವೂ ನಿಮ್ಮ ಜೊತೆಗೆ ಬರುತ್ತದೆ, ಇಲ್ಲಿದ್ದರೆ ಮಾತ್ರೆ ಇದೆ, ಚುಚ್ಚುಮದ್ದು ಇದೆ, ಗಂಟಲು ನೋವು ಬಂದವರನ್ನು ತಕ್ಷಣ ಆಸ್ಪತ್ರೆಗೆ ಸೇರಿಸಬಹುದು ಎಂದೆ. ಒಬ್ಬ ಮುದುಕಿ ಮುಂದೆ ಬಂದಳು. ಸಾವಿತ್ರಿಯ ಅಜ್ಜಿ ಗಂಗವ್ವ.

“ಅಂಜಸಬ್ಯಾಡ್ರಿ ಅಕ್ಕಾರ, ಅಂಜೇ ಅದೀವಿ. ಒಂದು ಮಾತು ಹೇಳ್ರಿ. ಸಂಜಿಗೆ ನೀವು ಗಾಡಿ ಹತ್ತಿ ಹೋಗ್ತೀರಿ. ನಾಳಿಗೆ ಬರ್ತೀರೇನು? ಹಿಂದಕ ಯಾರೋ ಬಂದು ನಮ್ಮ ಹೆಸರೆಲ್ಲ ಬರಕೊಂಡು ಹ್ವಾದ್ರು. ಹೋದವರು ಹ್ವಾದ್ರು.”

ನಾಳೆ ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದು ಸಾಲದು ಅನ್ನಿಸಿತು. “ಸಾವಿತ್ರಿನ್ನ ಎರಡು ವರ್ಷದ ಹಿಂದ ಹೊಳ್ಳಿ ಕಳಿಸಿದಾಕಿ ನಾನ ಅಂತ ಅವರವ್ವ ಅಂದ್ಲು,” ಎಂದೆ. “ನಾನ ಇರಬೇಕು ಯಮ್ಮ. ಈ ಸಲ ನಾ ಹೋಗೂದಿಲ್ಲ. ಇಲ್ಲೇ ಇರ್ತೀನಿ, ಎಲ್ಲಾರ ಮಾತ್ರಿ ಮುಗಿಯೂತನಕ.”

ಗಂಗವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಮಾನಪ್ಪನ ಕಡೆ ತಿರುಗಿ, “ಹಾಸಿಗಿ ಇಳಸಪ,” ಎಂದಳು.

ಮೊದಲ ಕೆಲಸ, ಎಣಿಕೆ. ಹದಿನೇಳು ಶೆಡ್ಡಿನಲ್ಲಿ ಹದಿನೈದು ವರ್ಷದೊಳಗಿನವರು ಮೂವತ್ತೊಂದು ಮಂದಿ. ಲಸಿಕೆಯ ಕಾರ್ಡ್ ಇದ್ದದ್ದು ನಾಲ್ವರಿಗೆ. ಒಬ್ಬೊಬ್ಬರ ಗಂಟಲಿಗೂ ಟಾರ್ಚ್ ಹಿಡಿದೆ. ಇಪ್ಪತ್ತೆರಡು ಗಂಟಲು ಸ್ವಚ್ಛವಾಗಿದ್ದವು. ಇಪ್ಪತ್ಮೂರನೆಯದು ಲಕ್ಷ್ಮವ್ವನ ಕೂಸಿನದು. ಎಡಬದಿಗೆ ಕಡಲೆಬೇಳೆಯಷ್ಟು ಬಿಳಿ ಕಲೆ.

ಲಕ್ಷ್ಮವ್ವ ನನ್ನ ಮುಖದಲ್ಲೇ ಓದಿಕೊಂಡಳು. ಕೂಸನ್ನು ಎದೆಗೆ ಒತ್ತಿಕೊಂಡು ಕುಸಿದು ಕುಳಿತಳು. ಎರಡನೆಯ ಆಂಬುಲೆನ್ಸ್ ಹಳ್ಳದ ಈಚೆ ದಂಡೆಯವರೆಗೆ ಬಂತು. ಮಾನಪ್ಪ ಕೂಸನ್ನು ನೀರಿನ ಮೇಲೆ ಎತ್ತಿ ಹಿಡಿದು ದಾಟಿಸಿದ. ಮಿಕ್ಕ ಎಂಟು ಗಂಟಲುಗಳನ್ನು ನೋಡಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಬೇರೆ ಯಾರಲ್ಲೂ ಕಾಣಲಿಲ್ಲ.

ಫೋನ್ ಸಿಗುವುದು ಕ್ವಾರಿಯ ಅಂಚಿನ ಒಂದು ಬಂಡೆಯ ಮೇಲೆ ಮಾತ್ರ. ಅಲ್ಲಿ ಹತ್ತಿ ನಿಂತು ಡಾ. ಪ್ರಸನ್ನ ಅವರಿಗೆ ಕರೆ ಮಾಡಿದೆ. ಸಾವಿತ್ರಿಯ ಗಂಟಲಿನ ಕೆಳಗೆ ರಂಧ್ರ ಮಾಡಿ ಉಸಿರಿನ ಕೊಳವೆ ಹಾಕಿದ್ದರು. ಪೆನ್ಸಿಲಿನ್ ಶುರುವಾಗಿತ್ತು. ಆದರೆ ಅದು ರೋಗಾಣುವನ್ನಷ್ಟೇ ಕೊಲ್ಲುತ್ತದೆ. ಆಗಲೇ ರಕ್ತಕ್ಕೆ ಸೇರಿದ ವಿಷಕ್ಕೆ ಆಂಟಿಟಾಕ್ಸಿನ್ ಎಂಬ ಬೇರೆ ಔಷಧಿ ಬೇಕು. ಕುದುರೆಯ ರಕ್ತದಿಂದ ತಯಾರಿಸುವ ಮದ್ದು ಅದು. ರೋಗವೇ ಅಪರೂಪವಾದ ಮೇಲೆ ಮದ್ದೂ ಅಪರೂಪವಾಗಿದೆ.

“ಬೇರೆ ಜಿಲ್ಲೆಯಿಂದ ವಾಹನ ಹೊರಟಿದೆ. ನಾಳೆ ಬೆಳಗ್ಗೆ ಬರುತ್ತೆ,” ಎಂದರು.

“ಅಲ್ಲೀತನಕ ತಡೀತಾಳೇನ್ರಿ ಸರ್?”

“ಗೊತ್ತಿಲ್ಲ,” ಎಂದರು. ಅವರ ದನಿಯಲ್ಲೂ ನನ್ನಷ್ಟೇ ಭಯವಿತ್ತು.

ಬಂಡೆಯಿಂದ ಇಳಿದಾಗ ಗಂಗವ್ವ ಕೆಳಗೆ ನಿಂತಿದ್ದಳು. ರೊಟ್ಟಿ, ಪುಂಡಿಪಲ್ಲೆ ತಂದಿದ್ದಳು.

ಶುಕ್ರವಾರ ಬೆಳಗ್ಗೆ ಹತ್ತರ ಹೊತ್ತಿಗೆ ಮತ್ತೆ ಬಂಡೆ ಹತ್ತಿದೆ. ಔಷಧಿ ಬಂದಿತ್ತು. ಅದು ಒಗ್ಗದಿದ್ದರೆ ಮದ್ದೇ ಪ್ರಾಣ ತೆಗೆಯಬಹುದು. ಅದಕ್ಕೆ ಮೊದಲು ಚರ್ಮದಡಿ ಒಂದು ಹನಿ ಕೊಟ್ಟು ಕಾಯಬೇಕು. ಆ ಕಾಯುವಿಕೆ ನಡೆಯುತ್ತಿತ್ತು. ನಾನು ಬಂಡೆಯ ಮೇಲೆಯೇ ಕುಳಿತೆ. ಗಂಗವ್ವ ಕಷ್ಟಪಟ್ಟು ಹತ್ತಿ ಬಂದು ಪಕ್ಕದಲ್ಲಿ ಕುಳಿತಳು. ಮುಕ್ಕಾಲು ಗಂಟೆಯ ನಂತರ ಫೋನ್ ಬಂತು. ಸಾವಿತ್ರಿಗೂ ಒಗ್ಗಿತು, ಲಕ್ಷ್ಮವ್ವನ ಕೂಸಿಗೂ ಒಗ್ಗಿತು. ಇಬ್ಬರಿಗೂ ಪೂರ್ತಿ ಪ್ರಮಾಣ ಕೊಡುತ್ತಿದ್ದೇವೆ ಎಂದರು. ಹೇಳಿದೆ. ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಲ್ಲಿಗೆ ಭಯ ಮುಗಿಯಲಿಲ್ಲ. ಸಂಪರ್ಕಕ್ಕೆ ಬಂದವರೆಲ್ಲರಿಗೂ ಏಳು ದಿನ ಮಾತ್ರೆ ಕೊಡಬೇಕು, ಒಂದು ಹೊತ್ತೂ ತಪ್ಪುವಂತಿಲ್ಲ. ನಾನು ಏಳು ದಿನವೂ ಗಂಗವ್ವನ ಶೆಡ್ಡಿನಲ್ಲಿದ್ದೆ. ಕುಷ್ಟಗಿಯ ನಮ್ಮ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು; ನಾಲ್ಕು ತಿಂಗಳ ಮೊಮ್ಮಗು. ಮನೆಗೆ ಹೋಗುವುದೆಂದರೆ ರೋಗ ಹೊತ್ತೊಯ್ಯುವುದೇನೋ ಎಂದು ಅಂಜಿದೆ. ನಾಲ್ಕನೆಯ ದಿನ ಎದ್ದಾಗ ನನ್ನ ಗಂಟಲು ನೋಯುತ್ತಿತ್ತು. ಯಾರಿಗೂ ಹೇಳದೆ, ಕೂದಲು ಬಾಚುವ ಕನ್ನಡಿಯ ಚೂರು ಹಿಡಿದು, ಶೆಡ್ಡಿನ ಹಿಂದೆ ನಿಂತು ನನ್ನ ಬಾಯೊಳಗೆ ನಾನೇ ಟಾರ್ಚ್ ಬಿಟ್ಟುಕೊಂಡೆ. ಕಲ್ಲಿನ ಪುಡಿಗೆ ಕೆಂಪಾಗಿತ್ತು ಅಷ್ಟೆ. ಆ ಭಯವನ್ನು ನಾನು ನಾಲ್ಕು ದಿನ ಅನುಭವಿಸಿದ್ದೆ, ಔಷಧಿ, ಡಾಕ್ಟರ್, ಫೋನ್ ಎಲ್ಲ ಬೆನ್ನಿಗಿದ್ದಾಗ. ಹನುಮಂತ ಗೊರಗೊರ ಎನ್ನುತ್ತಿದ್ದಾಗ ಲಕ್ಷ್ಮವ್ವನ ಬೆನ್ನಿಗೆ ಏನಿತ್ತು ಎಂದು ಯೋಚಿಸಿದೆ.

ಹುಲಿಹೈದರದ ಕಡೆ ಹೋದ ಎರಡು ಕುಟುಂಬಗಳನ್ನು ಶರಣಮ್ಮ ಫೋನಿನ ಮೇಲೆ ಫೋನ್ ಮಾಡಿ ಮೂರನೆಯ ದಿನ ಹುಡುಕಿದಳು. ಅಲ್ಲಿನ ಸಿಬ್ಬಂದಿ ಅವರ ಮಕ್ಕಳನ್ನು ಪರೀಕ್ಷಿಸಿ ಮಾತ್ರೆ ಶುರು ಮಾಡಿದರು. ಯಾರಿಗೂ ರೋಗ ಇರಲಿಲ್ಲ.

ಲಕ್ಷ್ಮವ್ವನ ಕೂಸು ಹನ್ನೆರಡು ದಿನಕ್ಕೆ ಮನೆಗೆ ಬಂತು. ಸಾವಿತ್ರಿಯ ಹೃದಯ ನಡುವೆ ಒಮ್ಮೆ ತಾಳ ತಪ್ಪಿತು. ಆಸ್ಪತ್ರೆಯಲ್ಲಿ ಐದು ವಾರ ಇರಬೇಕಾಯಿತು. ಬಂದ ಮೇಲೂ ಬಹಳ ದಿನ ನೀರು ಕುಡಿದರೆ ಮೂಗಿನಿಂದ ಇಳಿಯುತ್ತಿತ್ತು, ಮಾತು ಮೂಗಿನಲ್ಲೇ ಬರುತ್ತಿತ್ತು. ಮುಂದಿನ ಜೂನ್‌ನಲ್ಲಿ ನಮ್ಮೂರ ಶಾಲೆಗೆ ಸೇರಿದಳು.

ತಾಲ್ಲೂಕಿನ ಸಭೆ ಕರೆದರು. ನೂರಕ್ಕೆ ನೂರು ಎಂದು ವರದಿ ಕೊಟ್ಟವರ ಗಡಿಯಲ್ಲಿ ಈ ರೋಗ ಹೇಗೆ ಬಂತು ಎಂದು ಹಿರಿಯ ಅಧಿಕಾರಿಗಳು ಕೇಳಿದರು. “ಆ ನೂರು ನನ್ನ ಪಟ್ಟಿಯಲ್ಲಿದ್ದವರ ನೂರು ಸರ್. ಪಟ್ಟಿಯ ಹೊರಗಿದ್ದವರು ಬಾಗಿಲಿಗೆ ಬಂದಿದ್ದರು. ನಾನೇ ತಿರುಗಿ ಕಳಿಸಿದೆ,” ಎಂದೆ. ಆಚೆ ದಂಡೆಯ ಉಪಕೇಂದ್ರದ ಸಹೋದ್ಯೋಗಿಯೂ ಎದ್ದು ನಿಂತು, ತಾನೂ ಹಾಗೆಯೇ ಮಾಡಿದ್ದಾಗಿ ಹೇಳಿದಳು. ಇಬ್ಬರಿಗೂ ನೋಟಿಸ್ ಬಂತು. ಅದು ನ್ಯಾಯವೇ. ನೆಲ ಯಾರದ್ದಾದರೂ ಇರಲಿ, ದಾರಿ ಯಾವ ಕಡೆಗಿದೆಯೋ ಆ ಕಡೆಯವರು ಹೋಗಬೇಕು ಎಂದು ಲಿಖಿತ ಆದೇಶವೂ ಬಂತು. ಮರುತಿಂಗಳಿನಿಂದ ತಿಂಗಳಿಗೊಂದು ಗುರುವಾರ ಶೆಡ್ಡುಗಳಿಗೇ ಮೀಸಲಾಯಿತು.

ಹನುಮಂತನ ಸಾವನ್ನು ದಾಖಲಿಸಲು ಮೂರು ಸಲ ಪಂಚಾಯ್ತಿಗೆ ಅಲೆದೆ. ಕೊನೆಗೆ ಸಿಕ್ಕ ಪ್ರಮಾಣಪತ್ರವನ್ನು ಲಕ್ಷ್ಮವ್ವನ ಕೈಗೆ ಕೊಟ್ಟಾಗ, ಓದಲು ಬಾರದ ಅವಳು ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಕುಳಿತಳು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ನಿವೃತ್ತಿಗೆ ಮುಂಚಿನ ಕೊನೆಯ ಎರಡು ವರ್ಷ ನನ್ನನ್ನು ಗಂಗಾವತಿ ಕಡೆಗೆ ವರ್ಗ ಮಾಡಿದರು. ಕಾಲುವೆ ನೀರಿನ, ಭತ್ತದ ಸೀಮೆ. ನಾಟಿಗೆ, ಕೊಯ್ಲಿಗೆ ಎಲ್ಲೆಲ್ಲಿಂದಲೋ ಜನ ಬಂದು ಕಾಲುವೆಯ ಏರಿಯ ಮೇಲೆ ಗುಡಿಸಲು ಹಾಕುತ್ತಾರೆ. ಹಾಜರಾದ ಮೊದಲ ವಾರ ನಾನು ರಿಜಿಸ್ಟರ್ ತೆರೆಯಲಿಲ್ಲ. ನನ್ನ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ನಡೆಯಲು ಶುರು ಮಾಡಿದೆ, ಅದರ ಆಚೆಗೂ ಸ್ವಲ್ಪ ನಡೆದೆ. ಸಾರ್ವಜನಿಕ ಸೇವೆ ಎಂದರೆ ಬಾಗಿಲು ತೆರೆದು ಬಂದವರಿಗೆ ಕೊಡುವುದು ಎಂದು ಇಪ್ಪತ್ತಾರು ವರ್ಷ ನಂಬಿದ್ದೆ. ಬಾರದವರು ಯಾರು, ಬಂದೂ ಗೇಟಿನ ಹೊರಗೆ ನಿಂತವರು ಯಾರು ಎಂದು ನೋಡುವವರೆಗೂ ಆ ಸೇವೆ ನ್ಯಾಯದ್ದೋ ಅಲ್ಲವೋ ತಿಳಿಯುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿಯುವ ಹೊತ್ತಿಗೆ ಒಂದು ಮಗು ಹೋಗಿತ್ತು.

ಕಾಲುವೆ ಏರಿಯ ಕೊನೆಯ ಗುಡಿಸಲಿನಲ್ಲಿ ಭತ್ತ ಕೇರುತ್ತಿದ್ದ ಹೆಂಗಸೊಬ್ಬಳು ನನ್ನ ಚೀಲ ನೋಡಿ ಗಾಬರಿಯಿಂದ ಎದ್ದು ನಿಂತಳು. ಸರ್ಕಾರದವರು ಎಬ್ಬಿಸಲು ಬಂದಿದ್ದಾರೆ ಎಂದುಕೊಂಡಿದ್ದಳು.

“ನಾವು ಈ ಊರವರಲ್ರಿ,” ಎಂದಳು. “ನಾಳೆ ನಾಡದ ಹೋಗವರು.”

“ಇರಲವ್ವ,” ಎಂದೆ. “ಇವತ್ತು ಇಲ್ಲಿ ಅದೀರಲ್ಲ. ಮಕ್ಕಳನ್ನ ಕರೀರಿ.”